ನೆಲದ ಮೇಲೆ ಕೂತು ಮೇಜು ತಂದ ನಿರ್ಮಲಮ್ಮನವರು

ಸಹಕಾರ ಕ್ಷೇತ್ರದಲ್ಲಿ ಹೆಸರು ಮಾಡಿದವರಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಕಟ್ಟಡ ಕಟ್ಟಿಸಿ ಅದರ ಹಣೆಯ ಮೇಲೆ ತಮ್ಮ ಹೆಸರು ಕೆತ್ತಿಸಿಕೊಂಡವರಿದ್ದಾರೆ. ಚುನಾವಣೆಯಿಂದ ಚುನಾವಣೆಗೆ ಜಾಗ ಬಿಡದೆ ಕೂತು ಕುರ್ಚಿಗೇ ತಮ್ಮ ಬೆನ್ನಿನ ಆಕಾರ ಕೊಟ್ಟವರಿದ್ದಾರೆ. ಬದುಕಿರುವಾಗಲೇ ತಮ್ಮ ಪಟಕ್ಕೆ ತಾವೇ ಹಾರ ಹಾಕಿಸಿಕೊಂಡ ಪುಣ್ಯವಂತರೂ ಇದ್ದಾರೆ. ಇವರ ನಡುವೆ, ಕೆಲಸದ ರೀತಿಯನ್ನು ಬದಲಿಸಬೇಕಾದವರು ಮೊದಲು ಆ ಕೆಲಸ ಮಾಡುವವರ ಪಕ್ಕದಲ್ಲಿ ಕೂರಬೇಕೆಂಬ ಮಾತನ್ನು ಭಾಷಣದಲ್ಲಿ ಹೇಳದೆ, ತಮ್ಮ ಮೊಣಕಾಲು ಮಡಿಸಿ ತೋರಿಸಿಕೊಟ್ಟವರು ಶ್ರೀಮತಿ ನಿರ್ಮಲಮ್ಮನವರು. ನಾಲ್ಕೂರು ಬೆಳೆಗಾರರ ಸಹಕಾರ ಸಂಘದ ಸೇವೆಯಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಈ ಅಭಿನಂದನ ಸಂಪುಟದ ಪುಟಗಳಲ್ಲಿ ಅವರಿಗೆ ಸಲ್ಲುವ ಪ್ರತಿಯೊಂದು ನಮಸ್ಕಾರವೂ ಚನ್ನಗಿರಿಯ ಅಡಿಕೆ ಶೆಡ್ಡಿನ ಹೆಣ್ಣುಮಕ್ಕಳಿಗೂ ಸಲ್ಲುತ್ತದೆಂದು ಮೊದಲೇ ಹೇಳಿಬಿಡಬೇಕು. ಹಾಗೆ ಹೇಳದಿದ್ದರೆ ಮೊದಲು ಜಗಳಕ್ಕೆ ಬರುವವರು ನಿರ್ಮಲಮ್ಮನವರೇ.

ಮೇಲಿನವರ ವರದಿಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: ‘ನೌಕರರ ಅಸಹಕಾರ’. ಹೊಸ ಯಂತ್ರ ಬಂದಾಗ, ಹೊಸ ನಿಯಮ ಬಂದಾಗ, ಹೊಸ ಸಾಹೇಬರ ಹೊಸ ಹುಕಿ ಬಂದಾಗ ಕೈಕಟ್ಟಿ ನಿಂತ ಕೂಲಿಯವಳು ಆ ಭಾಷೆಯಲ್ಲಿ ಮೊಂಡಿ, ಹಳೇ ಕಾಲದವಳು, ತಿಳಿವಳಿಕೆ ಇಲ್ಲದವಳು. ಆಕೆ ಏನನ್ನು ಬಿಡಲಾರೆನೆಂದು ಹಿಡಿದು ನಿಂತಿದ್ದಾಳೆ, ಯಾಕೆ ಹಿಡಿದಿದ್ದಾಳೆ ಎಂದು ಕೇಳುವ ಪುರುಸೊತ್ತು ವರದಿ ಬರೆಯುವವರಿಗೆ ಇರುವುದಿಲ್ಲ. ನಿರ್ಮಲಮ್ಮನವರು ಆ ಪುರುಸೊತ್ತು ಮಾಡಿಕೊಂಡರು. ಅವರ ಹತ್ತೊಂಬತ್ತು ವರ್ಷಗಳ ಸೇವೆಯ ತಿರುಳು ಇಷ್ಟೇ, ಮತ್ತು ಇಷ್ಟನ್ನೂ ಮಾಡದ ಸಾಹೇಬರುಗಳ ಪಟ್ಟಿ ಬಹಳ ಉದ್ದವಾಗಿದೆ.

ಹೊನ್ನಾಳಿಯ ಮಗಳಾದ ಅವರು, ಪತಿ ತೀರಿಕೊಂಡ ಮೇಲೆ, ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಸಂಘದ ಜಗಳೂರು ಶಾಖೆಗೆ ಗುಮಾಸ್ತೆಯಾಗಿ ಸೇರಿದರು. ಆಗ ಆ ಶಾಖೆಯಲ್ಲಿ ಬಿತ್ತನೆಯ ಶೇಂಗಾವನ್ನು ಕೈಯಲ್ಲೇ ಸುಲಿಯುತ್ತಿದ್ದರು. ಸೊಕ್ಕೆಯಿಂದ, ಸುತ್ತಲ ಹಳ್ಳಿಗಳಿಂದ ಹೆಂಗಸರು ನಸುಕಿಗೇ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಒಂದು ಮಂಗಳವಾರ ಅವರು ಬರುವ ಹೊತ್ತಿಗೆ ಅಂಗಳದಲ್ಲಿ ಸುಲಿಯುವ ಮಿಷನ್ನು ಬಂದು ಕೂತಿತ್ತು, ಗೇಟು ಹಾಕಿತ್ತು. ನಾಳೆಯಿಂದ ಬರಬೇಡಿರೆಂಬ ಆದೇಶವನ್ನು ಓದಿ ಹೇಳುವ ಕೆಲಸ, ಆಫೀಸಿನ ಗಂಡಸರೆಲ್ಲ ಜಾಣತನದಿಂದ ಒಳಗೆ ಸರಿದುಕೊಂಡಿದ್ದರಿಂದ, ಹೊಸ ಗುಮಾಸ್ತೆಯ ಪಾಲಿಗೆ ಬಂತು. ಅವರು ಓದಿ ಮುಗಿಸಿದಾಗ ದೊಡ್ಡಕ್ಕ ಎಂಬ ಹೆಣ್ಣುಮಗಳು ಗೇಟಿನ ಸರಳು ಹಿಡಿದು ಕೇಳಿದ ಮಾತು ಇದು:

“ಅಲ್ಲವ್ವಾ, ಮನಿಗೆ ಒಂದು ಎಮ್ಮಿ ತರಬೇಕಾದ್ರೂ ಮನಿಯೋರನ್ನ ಕೇಳ್ತಾರೆ. ಎಲ್ಲಿ ಕಟ್ಟೋದು, ಮೇವು ಯಾರು ಹಾಕೋದು ಅಂತ. ಇಷ್ಟು ದೊಡ್ಡ ಮಿಷನ್ ತಂದೀರಿ. ನಮ್ಮನ್ನ ಒಂದು ಮಾತು ಕೇಳಾಕೆ ನಿಮ್ಮ ಗಂಟೇನು ಹೋಗ್ತಿತ್ತು?”

ಗೇಟು ತೆರೆಯಲಿಲ್ಲ. ಆ ವಾರದಲ್ಲೇ ಯಾರೋ ಮಿಷನ್ನಿನ ಚಕ್ರದ ಪಟ್ಟಿ ಕತ್ತರಿಸಿದರು; ಪೋಲೀಸರು ಬಂದರು; ಸುಲಿಯುವ ಹೆಂಗಸರು ಬೇರೆ ಕಡೆ ಕೂಲಿ ಹುಡುಕಿಕೊಂಡು ಹೋದರು; ಪಟ್ಟಿ ಹಾಕಿ ಓಡಿಸಬಲ್ಲವರಿಲ್ಲದೆ ಮಿಷನ್ನು ತುಕ್ಕು ಹಿಡಿಯಿತು. ಹಳೆಯದೂ ಹೋಯಿತು, ಹೊಸದೂ ಉಳಿಯಲಿಲ್ಲ. ಆ ಖಾಲಿ ಅಂಗಳವನ್ನು ದಿನವೂ ದಾಟಿ ಆಫೀಸಿಗೆ ಹೋಗುತ್ತಿದ್ದ ನಿರ್ಮಲಮ್ಮನವರು ತಮ್ಮೊಳಗೇ ಒಂದು ನೇಮ ಹಾಕಿಕೊಂಡರು: ತಾನಿರುವ ಕಡೆ ಹೊಸದು ಬರಲಿ, ಬರಲೇಬೇಕು; ಆದರೆ ಅದು ಬಂದ ಕಾರಣಕ್ಕೆ ಒಬ್ಬಳೂ ಗೇಟಿನ ಹೊರಗೆ ನಿಲ್ಲಬಾರದು.

ನೇಮ ಹಾಕಿಕೊಳ್ಳುವುದು ಸುಲಭ. ಹೊನ್ನಾಳಿ ಶಾಖೆಗೆ ವರ್ಗವಾದಾಗ ಅದರ ಸಣ್ಣ ಪರೀಕ್ಷೆಯೊಂದು ನಡೆಯಿತು. ಅಲ್ಲಿಗೆ ಹೊಸ ತೂಕದ ಯಂತ್ರ ಬಂದಾಗ, ಬಹುಕಾಲದಿಂದ ತಕ್ಕಡಿ ತೂಗಿದ ಹನುಮಣ್ಣನವರು ಅದರ ಹತ್ತಿರ ಸುಳಿಯಲಿಲ್ಲ. ಜ್ವರ ಎಂದರು, ಬೆನ್ನು ಎಂದರು, ಕೊನೆಗೆ ಅದು ಕಬ್ಬಿಣದ ದೆವ್ವ ಎಂದರು. ನಿರ್ಮಲಮ್ಮನವರು ಅವರಿಗೆ ಹೊಸ ಯಂತ್ರ ಕಲಿಸಲು ಹೋಗಲಿಲ್ಲ. ತಮಗೇ ಹಳೆಯ ತಕ್ಕಡಿ ಕಲಿಸಬೇಕೆಂದು ಕೇಳಿಕೊಂಡರು. ಹನುಮಣ್ಣನವರು ಗತ್ತಿನಿಂದ ಕಲಿಸಿದರು, ತಪ್ಪಿದಾಗ ಬೈದರು. ಬೈದು ಮನಸ್ಸು ಹಗುರಾದ ಮೇಲೆ, “ಬರ್ರಿ, ಈಗ ಆ ದೆವ್ವ ಏನಂತೈತೆ ನೋಡಾನ,” ಎಂದು ತಾವೇ ಎದ್ದು ಹೋದರು. ನಿವೃತ್ತರಾಗುವವರೆಗೂ ಆ ಯಂತ್ರವನ್ನು ಬೇರೊಬ್ಬರು ಮುಟ್ಟಲು ಬಿಡಲಿಲ್ಲ.

ದೊಡ್ಡ ಪರೀಕ್ಷೆ ಕಾದಿದ್ದುದು ಚನ್ನಗಿರಿಯಲ್ಲಿ. ಎಪ್ಪತ್ತೆಂಟರ ಸುಗ್ಗಿಯ ಹೊತ್ತಿಗೆ ಅವರನ್ನು ಅಲ್ಲಿನ ಅಡಿಕೆ ಶೆಡ್ಡಿನ ಮೇಲ್ವಿಚಾರಕಿಯಾಗಿ ಕಳಿಸಲಾಯಿತು. ಸಂಘಕ್ಕೆ ಬಂದ ಅಡಿಕೆಯನ್ನು ಆರಿಸಿ, ಒಳ್ಳೆಯದು, ಒಡಕು, ಹುಳುಕು ಎಂದು ಬೇರೆ ಮಾಡಿ ಚೀಲಕ್ಕೆ ತುಂಬುವ ಜಾಗ ಅದು. ಹೆಂಗಸರು ನೆಲಕ್ಕೆ ಗೋಣಿತಟ್ಟು ಹಾಸಿ, ನಡುವೆ ಅಡಿಕೆಯ ರಾಶಿ ಸುರಿದುಕೊಂಡು, ಅದರ ಸುತ್ತ ದುಂಡಗೆ ಕೂತು ಆರಿಸುತ್ತಿದ್ದರು. ಅದನ್ನು ಅವರು ‘ಸುತ್ತು’ ಎನ್ನುತ್ತಿದ್ದರು. ಶೆಡ್ಡಿನಲ್ಲಿ ಅಂಥ ಸುತ್ತುಗಳು ಹಲವಿದ್ದವು. ನೆಲ ತಣ್ಣಗೆ, ಮಳೆಗಾಲದಲ್ಲಿ ಜವುಗು. ಅಡಿಕೆಗೆ ಬೂಷ್ಟು ಹಿಡಿಯುತ್ತಿತ್ತು, ಹೆಂಗಸರ ಸೊಂಟ ಹಿಡಿಯುತ್ತಿತ್ತು. ಖರೀದಿದಾರರ ತಕರಾರು ಹೆಚ್ಚಿದಾಗ ಸಂಘ ಉದ್ದನೆಯ ಮೇಜುಗಳನ್ನು ಮಾಡಿಸಿ ಗೋಡೆಗೆ ಮುಖ ಮಾಡಿ ಸಾಲಾಗಿ ಜೋಡಿಸಿತು. ಒಬ್ಬೊಬ್ಬಳಿಗೆ ಒಂದೊಂದು ಜಾಗ, ಒಂದೊಂದು ಪುಟ್ಟಿ, ಎದೆಗೆ ಚುಚ್ಚಿಕೊಳ್ಳಲು ಒಂದೊಂದು ತಗಡಿನ ನಂಬರು. ಯಾರ ಪುಟ್ಟಿಯಲ್ಲಿ ಹುಳುಕು ಉಳಿಯಿತೆಂದು ತಕ್ಷಣ ಗೊತ್ತಾಗಬೇಕು, ಅದಕ್ಕೆ. ಹೆಂಗಸರು ಆ ಮೇಜುಗಳನ್ನು ಮುಟ್ಟಲೇ ಇಲ್ಲ. ಸಂಘದ ಅಧ್ಯಕ್ಷರೂ ಸ್ವತಃ ಅಡಿಕೆ ಬೆಳೆಗಾರರೂ ಆಗಿದ್ದ ಮುರುಗೇಶಪ್ಪನವರು ಹೊಸ ಮೇಲ್ವಿಚಾರಕಿಗೆ ನೇರವಾಗಿ ಹೇಳಿದರು:

“ನೋಡ್ರಿ ನಿರ್ಮಲಮ್ಮಾರೆ, ಈ ಸುಗ್ಗಿ ಮುಗಿಯೋದ್ರೊಳಗೆ ಅವರು ಮೇಜಿಗೆ ಬರಬೇಕು. ಬರಲಿಲ್ಲ, ಶೆಡ್ಡಿಗೆ ಬೀಗ. ಆರಿಸೋ ಕೆಲಸ ಹೊರಗಿನ ಗುತ್ತಿಗೆದಾರನಿಗೆ ಕೊಡ್ತೀವಿ. ನನಗೂ ಮೇಲಿನೋರ ಕಾಟ ಐತೆ.”

ಶೆಡ್ಡು ಮುಚ್ಚಬಾರದು, ಮೇಜು ಬರಬೇಕು, ಒಬ್ಬಳೂ ಹೊರಗೆ ಹೋಗಬಾರದು. ನಿರ್ಮಲಮ್ಮನವರ ಮುಂದಿದ್ದುದು ಇಷ್ಟು. ಅವರು ಉತ್ಸಾಹದಿಂದಲೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕೇಳಬೇಕು ಎಂದು ಜಗಳೂರಿನಲ್ಲಿ ಕಲಿತಿದ್ದರಲ್ಲ, ಕೇಳಿದರು. ಯಾಕೆ ಬೇಡ ಮೇಜು?

ಉತ್ತರ ಕೊಟ್ಟವರು ಬಂಗಾರಮ್ಮ. ಶೆಡ್ಡಿನಲ್ಲಿ ಅವರ ನಾಲಿಗೆಗೆ ಹಮಾಲರೂ ದಾರಿ ಬಿಡುತ್ತಿದ್ದರು.

“ನಿಂತು ನಿಂತು ಕಾಲು ಬಾತುಕೊಳ್ತಾವ್ರೀ ಅಮ್ಮಾರೆ.”

ನಿರ್ಮಲಮ್ಮನವರು ಓಡಾಡಿ ಸ್ಟೂಲುಗಳನ್ನು ತರಿಸಿದರು. ಮರುದಿನ ಬಂಗಾರಮ್ಮ ಸ್ಟೂಲನ್ನು ಒಮ್ಮೆ ನೋಡಿ, “ತಗಡು ಹೊದೆಸಿದ ಮೇಜು ನೋಡಿದ್ರೆ ದೊಡ್ಡಾಸ್ಪತ್ರಿಯಾಗೆ ಹೆಣ ಕೊಯ್ಯೋದು ನೆನಪಾಗ್ತೈತೆ ಕಣ್ರಿ,” ಎಂದರು. ಮೇಜಿಗೆ ಗೋಣಿತಟ್ಟು ಹೊದೆಸಿದ್ದಾಯಿತು. ಆಮೇಲೆ ಮುಖ ದಕ್ಷಿಣಕ್ಕೆ ಆಗುತ್ತದೆ ಎಂಬ ತಕರಾರು ಬಂತು, ಮೇಜು ತಿರುಗಿಸಿದರು. ಪೂಜೆಯಾಗಿಲ್ಲ ಎಂದರು, ಅಂತರಘಟ್ಟಮ್ಮನಿಗೆ ಕೈಮುಗಿದು ಮೇಜಿಗೆ ಕಾಯಿ ಒಡೆಸಿದರು. ಕಾಯಿಯ ಚೂರು ಎಲ್ಲರೂ ತಿಂದರು. ತಿಂದು, ಬಾಯಿ ಒರೆಸಿಕೊಂಡು, ಹೋಗಿ ನೆಲದ ಮೇಲೆ ಕೂತರು.

“ಇನ್ನೇನು ತಾಯಿ?” ಎಂದು ನಿರ್ಮಲಮ್ಮನವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದರು.

“ಯೋಚನೆ ಮಾಡಿ ಹೇಳ್ತೀವಿ ತಡೀರಿ,” ಎಂದರು ಬಂಗಾರಮ್ಮ. ಶೆಡ್ಡಿಗೆ ಶೆಡ್ಡೇ ನಕ್ಕಿತು. ನಿರ್ಮಲಮ್ಮನವರಿಗೂ ನಗು ತಡೆಯಲಾಗಲಿಲ್ಲ. ಆದರೆ ಆ ನಗೆಯ ನಡುವೆಯೇ ಅವರಿಗೆ ಒಂದು ಸಂಗತಿ ಹೊಳೆಯಿತು. ನಿಜವಾದ ಕಾರಣ ಇನ್ನೂ ಬಾಯಿಗೆ ಬಂದಿಲ್ಲ. ಬರಬಾರದೆಂದೇ ಇವೆಲ್ಲ ಬರುತ್ತಿವೆ. ತಾವು ಕೇಳಿದ್ದು ನಿಜ, ಎದುರಿಗೆ ನಿಂತು ಕೇಳಿದ್ದೂ ನಿಜ. ಎದುರಿಗೆ ನಿಂತವರಿಗೆ ಬಡವರು ಎಲ್ಲವನ್ನೂ ಹೇಳಿಬಿಡುತ್ತಾರೆಂದು ನಂಬುವುದು ಅಧಿಕಾರದಲ್ಲಿರುವವರ ಹಳೆಯ ಭ್ರಮೆ.

ಅಷ್ಟರಲ್ಲಿ ಸಂಘದ ಒತ್ತಾಯಕ್ಕೆ, ಹೊಸದಾಗಿ ಸೇರಿದ್ದ, ಯಾವ ಸುತ್ತಿಗೂ ಸೇರದಿದ್ದ ಕೆಲವು ಹುಡುಗಿಯರನ್ನು ಮೇಜಿನ ಸಾಲಿಗೆ ಕೂರಿಸಿದ್ದರು. ಚುರುಕು ಕಣ್ಣು, ಚುರುಕು ಕೈ. ಅವರು ತುಂಬಿದ ಚೀಲ ಖರೀದಿದಾರರಿಗೆ ಹೋಯಿತು, ಹೋದಷ್ಟೇ ವೇಗದಲ್ಲಿ ಹುಳುಕಿನ ದೂರು ಹೊತ್ತು ವಾಪಸ್ಸು ಬಂದು ಶೆಡ್ಡಿನ ಮೂಲೆಯಲ್ಲಿ ಕೂತಿತು. ಯಾಕೆ ಹೀಗಾಯಿತೆಂದು ಯಾರಿಗೂ ತಿಳಿಯಲಿಲ್ಲ. ಹುಡುಗಿಯರು ಬೇಕೆಂದೇ ಕೆಡಿಸಿದರೆಂದು ಆಫೀಸು ತೀರ್ಮಾನಿಸಿತು. ತೀರ್ಮಾನಿಸುವುದರಲ್ಲಿ ಆಫೀಸು ಎಂದೂ ಹಿಂದೆ ಬಿದ್ದಿಲ್ಲ.

ಮಾರನೆಯ ಬೆಳಗ್ಗೆ ನಿರ್ಮಲಮ್ಮನವರು ತಮ್ಮ ಕುರ್ಚಿಯ ಕಡೆಗೆ ಹೋಗಲಿಲ್ಲ. ಶೆಡ್ಡಿನ ನಡುವಿನ ದೊಡ್ಡ ಸುತ್ತಿನ ಬಳಿಗೆ ಹೋದರು. ಬಂಗಾರಮ್ಮ ಮಗುವಿಗೆ ಹಾಲು ಕುಡಿಸಲು ಹೊರಗೆ ಹೋಗಿದ್ದರು. ಅವರ ಜಾಗ ಖಾಲಿಯಿತ್ತು. ನಿರ್ಮಲಮ್ಮನವರು ಅಲ್ಲಿ ಕೂತೇಬಿಟ್ಟರು.

“ಅಲ್ಲಿ ಬ್ಯಾಡ್ರೀ ಅಮ್ಮಾರೆ! ಅದು ಬಂಗಾರಕ್ಕನ ಜಾಗ,” ಎಂದು ಎದುರಿನವಳು ಗಾಬರಿಯಾದಳು.

“ಆಕೆ ಬಂದ್ರೆ ಏಳ್ತೀನಿ ಬಿಡ್ರಿ. ಜಾಗ ಏನು ಸವೀತೈತಾ?”

ಅವರ ಎಡಕ್ಕೆ ಕೂತು, ಸುತ್ತಿನ ಹಾಡಿನಲ್ಲಿ ಈ ಮಾತು ಕಿವಿಗೆ ಬೀಳದೆ ಅಡಿಕೆ ಆರಿಸುತ್ತಿದ್ದವರು ದುರುಗಕ್ಕ. ಶೆಡ್ಡಿಗೆ ಎಲ್ಲರಿಗಿಂತ ಹಿರಿಯರು. ಅಲ್ಲಿ ಕೂತ ಹೆಂಗಸರಲ್ಲಿ ಹೆಚ್ಚಿನವರಿಗೆ ಅಡಿಕೆ ಆರಿಸುವುದನ್ನು ಕಲಿಸಿದ್ದು ಅವರೇ. ಹಿಂದೊಮ್ಮೆ ಹುಡುಗಿಯೊಬ್ಬಳ ಕೈ ಹಿಡಿದೆಳೆದ ಮೇಸ್ತ್ರಿಯನ್ನು ಕಸಬರಿಗೆ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಅಟ್ಟಿಸಿಕೊಂಡು ಹೋದದ್ದೂ ಅವರೇ. ಆ ಮೇಸ್ತ್ರಿ ಶಿವಮೊಗ್ಗದ ಬಸ್ಸು ಹತ್ತಿದವನು ತಿರುಗಿ ಬರಲಿಲ್ಲ. ಅಂಥ ದುರುಗಕ್ಕನ ಕೈ ಈಗಲೂ ಚಕಚಕ ಓಡುತ್ತಿತ್ತು. ನಿರ್ಮಲಮ್ಮನವರು ಆ ಕೈಯನ್ನೇ ನೋಡುತ್ತ ಕೂತರು. ಕೈ ರಾಶಿಯಿಂದ ಒಂದು ಅಡಿಕೆ ಎತ್ತಿತು, ಒಳ್ಳೆಯದರ ಪುಟ್ಟಿಗೆ ಹಾಕಿತು. ಆ ಅಡಿಕೆಗೆ ಹುಳು ಕೊರೆದ ತೂತು ಎದ್ದು ಕಾಣುತ್ತಿತ್ತು. ಇನ್ನೊಂದು ಎತ್ತಿತು, ಒಳ್ಳೆಯ ಅಡಿಕೆ, ಹುಳುಕಿನ ಪುಟ್ಟಿಗೆ ಹೋಯಿತು. ಆಗ ದುರುಗಕ್ಕನ ಆಚೆ ಬದಿಯ ಹೆಂಗಸು, ಹಾಡುತ್ತಿದ್ದ ಹಾಡನ್ನು ನಿಲ್ಲಿಸದೆ, ತಲೆಯನ್ನೂ ತಿರುಗಿಸದೆ ಕೈ ಚಾಚಿ ಎರಡನ್ನೂ ಅದಲುಬದಲು ಮಾಡಿದಳು. ಈಚೆ ಬದಿಯಿಂದ ಆ ಕೆಲಸ ಮಾಡಬೇಕಾದವರು ಬಂಗಾರಮ್ಮ. ಅವರ ಜಾಗದಲ್ಲಿ ಈಗ ಮೇಲ್ವಿಚಾರಕಿ ಕೂತಿದ್ದರು.

ನಿರ್ಮಲಮ್ಮನವರ ಕೈ ತಾನಾಗಿ ಮುಂದೆ ಹೋಯಿತು. ಒಳ್ಳೆಯದರ ಪುಟ್ಟಿಗೆ ಬಿದ್ದ ಮತ್ತೊಂದು ಹುಳುಕು ಅಡಿಕೆಯನ್ನು ಎತ್ತುವಷ್ಟರಲ್ಲಿ ದುರುಗಕ್ಕ ಆ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು.

“ಯಾರವ್ವಾ ಇದು? ಇದು ಬಂಗಾರಿ ಕೈ ಅಲ್ಲ.”

ಹಾಡು ನಿಂತಿತು. ಪಕ್ಕದ ಸುತ್ತುಗಳಲ್ಲೂ ಕೈಗಳು ನಿಂತವು.

“ನಾನಕ್ಕ, ನಿರ್ಮಲಾ. ಬಂಗಾರಮ್ಮ ಬರೋ ತನಕ ಕೂತೀನಿ.”

ದುರುಗಕ್ಕ ಕೈ ಬಿಡಲಿಲ್ಲ. “ಗೊತ್ತಾತಲ್ಲ ನಿನಗೆ. ಸರಿ. ಬರಕೊಳ್ಳವ್ವ ನನ್ನ ಹೆಸರು.”

“ಏನು ಬರಕೊಳ್ಳಲಿ? ನಾನು ಆರಿಸಾಕೆ ಕೂತೀನಿ,” ಎಂದು ನಿರ್ಮಲಮ್ಮನವರು, ಇನ್ನೊಂದು ಕೈಯಿಂದ ಆ ಹುಳುಕು ಅಡಿಕೆಯನ್ನು ಎತ್ತಿ ಸೇರಬೇಕಾದ ಪುಟ್ಟಿಗೆ ಹಾಕಿದರು. ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಬಂಗಾರಮ್ಮ ಇದನ್ನು ಕಂಡರು. ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ಅವರ ಮುಂದಿಟ್ಟು ಬಾಯಿಬಿಟ್ಟರು.

“ಆಕಿ ಕಣ್ಣು ಮಂಜಾಗಿ ಬಾಳ ದಿನ ಆತ್ರೀ. ಸಾಲಾಗಿ ಕೂರಿಸಿ, ನಂಬರು ಚುಚ್ಚಿ, ಪುಟ್ಟಿ ಬ್ಯಾರೆ ಮಾಡಿದ್ರೆ ಮೊದಲ ದಿನಕ್ಕೇ ಆಕಿ ಗೇಟಿನ ಹೊರಗೆ. ಇವತ್ತು ಆಕಿ, ನಾಳೆ ನಾನು. ನಮಗೇನು ಪಿಂಚಣಿ ಐತೇನ್ರಿ? ಈ ಸುತ್ತೇ ಕಣ್ರಿ ನಮ್ಮ ಪಿಂಚಣಿ.”

ಪಿಂಚಣಿಯ ಬಗ್ಗೆ ಆಯೋಗಗಳು ಬರೆದ ವರದಿಗಳನ್ನೆಲ್ಲ ತೂಕಕ್ಕೆ ಹಾಕಿದರೂ ಈ ಒಂದು ಮಾತಿನ ಭಾರ ಬರುವುದಿಲ್ಲ. ನಿರ್ಮಲಮ್ಮನವರು ಆ ಅರ್ಧ ರೊಟ್ಟಿಯನ್ನು ಪೂರ್ತಿ ತಿಂದರು. ಬೆಳಗ್ಗೆ ಸುತ್ತಿನಲ್ಲಿ ಕೂತು ನೋಡಿದ್ದು ಅವರಿಗೆ ಮತ್ತೊಂದನ್ನೂ ತೋರಿಸಿತ್ತು. ದುರುಗಕ್ಕನನ್ನು ಕಾಪಾಡುತ್ತ ಕಾಪಾಡುತ್ತ ಆ ಸುತ್ತಿನ ಹೆಂಗಸರಿಗೆ ಅಕ್ಕಪಕ್ಕದ ಪುಟ್ಟಿಯ ಮೇಲೆ ಕಣ್ಣಿಡುವುದು ಚಟವೇ ಆಗಿಹೋಗಿತ್ತು. ಎಲ್ಲರ ಪುಟ್ಟಿಯನ್ನೂ ಎಲ್ಲರೂ ನೋಡುತ್ತಿದ್ದರು. ತಪ್ಪಿದ್ದನ್ನು ಎತ್ತಲು ಅಪ್ಪಣೆ ಬೇಕಿರಲಿಲ್ಲ. ಒಬ್ಬಂಟಿಯಾಗಿ ಗೋಡೆ ನೋಡುತ್ತ ಕೂತ ಹುಡುಗಿಯರಿಗೆ ಆ ಎರಡನೆಯ ಕಣ್ಣು ಇರಲಿಲ್ಲ. ಮೇಜಿನ ತಪ್ಪು ಏನೂ ಇರಲಿಲ್ಲ. ತಪ್ಪು ಇದ್ದದ್ದು ಸಾಲಿನಲ್ಲಿ!

ಅವತ್ತೇ ಅವರು ಬಡಗಿ ಹಾಲಸ್ವಾಮಿಯನ್ನು ಕರೆಸಿದರು. ಎರಡು ಉದ್ದನೆಯ ಮೇಜುಗಳನ್ನು ಕೊಯ್ದು ಒಂದು ದುಂಡನೆಯ ಮೇಜು ಮಾಡಬೇಕೆಂದರು. ಆಫೀಸಿನ ಆಸ್ತಿ ಕೊಯ್ಯಲು ಹಾಲಸ್ವಾಮಿ ಹಿಂದೇಟು ಹಾಕಿದ. “ಯಾರಾದ್ರೂ ಕೇಳಿದ್ರೆ ನಾನು ಕೊಯ್ದೆ ಅನ್ನು,” ಎಂದು ನಿರ್ಮಲಮ್ಮನವರು ಗರಗಸದ ಮೊದಲ ಎಳೆತವನ್ನು ತಾವೇ ಎಳೆದುಕೊಟ್ಟರು. ಎತ್ತರ ಎಷ್ಟಿರಬೇಕೆಂದು ಹೆಂಗಸರೇ ಸ್ಟೂಲಿನ ಮೇಲೆ ಕೂತು, ಎದ್ದು, ಬೈದಾಡಿ, ನಕ್ಕು ತೀರ್ಮಾನಿಸಿದರು. ರಾಶಿ ನಡುವಿಗೆ, ಪುಟ್ಟಿಗಳು ಇಬ್ಬರ ನಡುವೆ ಒಂದು, ಅಂಚಿಗೆ ಅಡಿಕೆ ಉರುಳದಂತೆ ಒಂದು ಪಟ್ಟಿ. ನಂಬರಿನ ತಗಡುಗಳನ್ನು ಮಕ್ಕಳು ಆಟಕ್ಕೆ ಒಯ್ದವು. ದುರುಗಕ್ಕನ ವಿಷಯವನ್ನು ನಿರ್ಮಲಮ್ಮನವರು ಆಫೀಸಿನಲ್ಲಿ ಒಂದಕ್ಷರ ಆಡಲಿಲ್ಲ. ಅದನ್ನು ಆಡುವ ಹಕ್ಕು ದುರುಗಕ್ಕನದು ಎಂಬುದು ಅವರ ನಂಬಿಕೆ.

ಮೇಜು ಸಿದ್ಧವಾದ ದಿನ ಮುರುಗೇಶಪ್ಪನವರು ಇಬ್ಬರು ನಿರ್ದೇಶಕರೊಂದಿಗೆ ಬಂದರು. ಬಾಗಿಲಲ್ಲೇ ನಿಂತು ಹುಬ್ಬೇರಿಸಿದರು.

“ಏನ್ರಿ ಇದು? ಮೇಜಿಗೆ ಕೂರಿಸ್ರಿ ಅಂದ್ರೆ ಬಾವಿಕಟ್ಟೆ ಕಟ್ಟಿಸೀರಿ!”

“ನೀರು ಸೇದಾಕೆ ಹೆಂಗಸರು ಸೇರೋದು ಬಾವಿಕಟ್ಟೆಗೇ ಅಲ್ವಾ ಸರ್,” ಎಂದರು ನಿರ್ಮಲಮ್ಮನವರು.

“ನಂಬರು ಎಲ್ಲಿ?”

“ಮೇಜಿಗೆ ಹಾಕ್ತೀವಿ. ಮನುಷ್ಯರಿಗೆ ಹೆಸರು ಐತೆ.”

“ಹುಳುಕು ಬಂದ್ರೆ ನಾನು ಯಾರನ್ನ ಹಿಡೀಬೇಕು?”

“ಮೇಜನ್ನ ಹಿಡೀರಿ.”

“ಮೇಜಿಗೆ ಕಿವಿ ಐತಾ ಹಿಂಡಾಕೆ?” ಎಂದು ಅವರು ನಕ್ಕರು, ನಿರ್ದೇಶಕರೂ ನಕ್ಕರು. ಆಮೇಲೆ ಅಧ್ಯಕ್ಷರು ಸುತ್ತಲೂ ನೋಡಿ, ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಸೂಚಿಸಿದರು. “ಆತು, ನಿಮ್ಮ ದುಂಡು ಮೇಜೇ ಇರಲಿ. ಆದ್ರೆ ವಯಸ್ಸಾದೋರನ್ನ ಬಿಡಿಸಿಬಿಡ್ರಿ. ಕಣ್ಣು ಚುರುಕಾಗಿರೋ ಹುಡುಗೀರನ್ನ ಹಾಕ್ರಿ. ಇವತ್ತೇ ಒಪ್ಪಿಗೆ ಕೊಡ್ತೀನಿ, ಬೀಗದ ಮಾತೂ ಎತ್ತಲ್ಲ.”

ಎಂಥ ಸಿಹಿಯಾದ ಗಾಳ! ಒಂದು ‘ಹೂಂ’ ಅಂದಿದ್ದರೆ ಸಾಕಿತ್ತು. ಮೇಜು ಉಳಿಯುತ್ತಿತ್ತು, ಶೆಡ್ಡು ಉಳಿಯುತ್ತಿತ್ತು, ಮೇಲ್ವಿಚಾರಕಿಯ ಹೆಸರೂ ಉಳಿಯುತ್ತಿತ್ತು. ಒಬ್ಬ ಮುದುಕಿ ತಾನೇ? ಲೋಕದ ಸುಧಾರಣೆಗಳೆಲ್ಲ ಹೀಗೆ ‘ಒಬ್ಬಳು ತಾನೇ’ ಎಂದು ಯಾರನ್ನೋ ತುಳಿದುಕೊಂಡೇ ಮೆಟ್ಟಿಲು ಹತ್ತಿವೆ.  ಆದರೆ ನಿರ್ಮಲಮ್ಮನವರ ಮಾತು ತಡವರಿಸಲಿಲ್ಲ.

“ಒಬ್ಬರನ್ನೂ ಬಿಡಿಸಲ್ಲ ಸರ್.”

“ಹಂಗಾದ್ರೆ ಬೀಗನೇ ಗತಿ ನೋಡ್ರಿ.”

ಆಗ ಗೋಡೆಯ ಬದಿಯಿಂದ ದುರುಗಕ್ಕ ಎದ್ದರು. ಯಾರೂ ಕೈ ಹಿಡಿಯಲು ಬಿಡದೆ, ದನಿ ಬಂದ ಕಡೆಗೆ ಮುಖ ಮಾಡಿ ನಿಂತರು.

“ಯಪ್ಪಾ ಮುರುಗೇಶಪ್ಪಾ, ನೀನು ಹುಡುಕ್ತಿರೋ ಮುದುಕಿ ನಾನೇ. ನನಗೆ ಕಣ್ಣು ಕಾಣಾದಿಲ್ಲ. ಇವರ್ಯಾರೂ ಹೇಳಾದಿಲ್ಲ, ಆ ಅಮ್ಮನೂ ಹೇಳಾದಿಲ್ಲ, ಅದಕ್ಕೆ ನಾನೇ ಹೇಳ್ತೀನಿ. ನಾನು ಹೋಗ್ತೀನಿ. ಶೆಡ್ಡಿನ ತಂಟೆಗೆ ಬರಬ್ಯಾಡ.”

ಮುರುಗೇಶಪ್ಪನವರು ಬೆಪ್ಪಾದರು. “ಕಣ್ಣಿಲ್ಲದೋರು ಆರಿಸಿದ ಅಡಿಕೇನ ನಾವು ಮಾರಿಕೊಂಡು ಬಂದೀವಾ?”

ಅವರ ಮಾತು ಮುಗಿಯುವ ಮೊದಲೇ ಬಂಗಾರಮ್ಮ, ಆ ವಾರ ತಮ್ಮ ಸುತ್ತು ತುಂಬಿದ್ದ ಚೀಲವನ್ನು ಎಳೆದುತಂದು ಬಾಯಿ ಬಿಚ್ಚಿ ಹೊಸ ಮೇಜಿನ ಮೇಲೆ ಸುರಿದರು. “ತಗೊಳ್ರಿ ಯಜಮಾನ್ರೇ. ತೋಟ ಮಾಡಿದೋರು ನೀವು. ಇದರಾಗೆ ದುರುಗಕ್ಕ ಆರಿಸಿದ್ದು ಯಾವುದು, ಹೆಕ್ಕಿ ತೋರಿಸ್ರಿ. ತೋರಿಸಿಬಿಟ್ರೆ ಆಕಿ ಒಬ್ಬಾಕೀನೇ ಯಾಕೆ, ನಾವೆಲ್ಲ ಹೋಗ್ತೀವಿ.”

ಅಧ್ಯಕ್ಷರಿಗೆ ಹಟ ಬಂತು. ಕನ್ನಡಕ ಹಾಕಿಕೊಂಡರು. ಎರಡೂ ಕೈ ಹಾಕಿ ಅಡಿಕೆಯನ್ನು ತಿರುವಿದರು, ಹರಡಿದರು, ಹಿಡಿ ಹಿಡಿಯಾಗಿ ಎತ್ತಿ ಬೆಳಕಿಗೆ ಹಿಡಿದರು. ನಿರ್ದೇಶಕರೂ ಬಗ್ಗಿದರು.  ಒಂದು ಹುಳುಕೂ ಸಿಗಲಿಲ್ಲ. ಆಗ ನಿರ್ಮಲಮ್ಮನವರು ಮೂಲೆಯಲ್ಲಿ ಕೂತಿದ್ದ ವಾಪಸ್ಸು ಬಂದ ಚೀಲದಿಂದ ಒಂದು ಮೊರ ತುಂಬಿ ತಂದು ಪಕ್ಕದಲ್ಲಿಟ್ಟರು. ಅಧ್ಯಕ್ಷರ ಕೈಗೆ ಮೊದಲ ಹಿಡಿಯಲ್ಲೇ ಹುಳುಕು ಬಂತು.

“ಇದು ಯಾರು ಆರಿಸಿದ್ದು?”

“ಕಣ್ಣು ಚುರುಕಿರೋರು ಸರ್. ಆ ಹುಡುಗೀರ ತಪ್ಪಲ್ಲ ಅದು. ಒಬ್ಬೊಬ್ಬರನ್ನೇ ಗೋಡೆಗೆ ಮುಖ ಮಾಡಿ ಕೂರಿಸಿದ್ದು ನಮ್ಮ ತಪ್ಪು. ಇಲ್ಲಿ ಒಂದು ಅಡಿಕೇನ ಮೂರು ಜನ ನೋಡ್ತಾರೆ.”

ಮುರುಗೇಶಪ್ಪನವರು ಕನ್ನಡಕ ತೆಗೆದು, ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಅವರು ಕೆಟ್ಟ ಮನುಷ್ಯರಲ್ಲ. ಅಡಿಕೆಯ ಮುಂದೆ ಸುಳ್ಳು ಹೇಳಲಾರದ ಬೆಳೆಗಾರ. “ಸರಿ. ಒಂದು ಸುಗ್ಗಿ ನೋಡೋಣ,” ಎಂದರು.

“ಬಾಯಿಮಾತು ಬ್ಯಾಡ ಸರ್, ಠರಾವು ಮಾಡ್ರಿ,” ಎಂದರು ನಿರ್ಮಲಮ್ಮನವರು. “ಲೆಕ್ಕ ಮೇಜಿಗೆ. ಮೇಜಿನೋರು ಬೇಕು ಅಂದೋರನ್ನ ವಯಸ್ಸು, ಕಣ್ಣು ಅಂತ ಆಫೀಸು ಬಿಡಿಸಂಗಿಲ್ಲ. ಇನ್ನು ಮ್ಯಾಲೆ ಹೊಸದೇನಾದ್ರೂ ತರೋದಾದ್ರೆ ಮೊದಲು ಇಲ್ಲಿ ಬಂದು ಕೇಳಬೇಕು.”

“ನೀವು ನಮ್ಮ ಕಡೆಯೋರೋ, ಅವರ ಕಡೆಯೋರೋ?”

“ಅಡಿಕೆ ಕಡೆಯೋಳು ಅಂತ ತಿಳಕೊಳ್ರಿ.”

ಅಧ್ಯಕ್ಷರು ನಕ್ಕುಬಿಟ್ಟರು. ಆ ತಿಂಗಳ ಸಭೆಯಲ್ಲಿ ಠರಾವು ಆಯಿತು.

ಆದರೆ ಅದಕ್ಕೂ ಮೊದಲು, ಅಧ್ಯಕ್ಷರು ಇನ್ನೂ ಅಲ್ಲೇ ಕೂತಿದ್ದಾಗಲೇ, ದುರುಗಕ್ಕ ಮುಂದೆ ಬಂದು ಮೇಜಿನ ಅಂಚಿನ ಮೇಲೆ ಅಂಗೈ ಇಟ್ಟರು. ಕೈ ಎತ್ತದೆ, ಅಂಚನ್ನು ಸವರುತ್ತ, ಮೇಜಿನ ಸುತ್ತ ನಡೆದರು. ಎಲ್ಲರೂ ಸರಿದು ದಾರಿ ಬಿಟ್ಟರು.

“ಮೂಲೆ ಅದಾವಲ್ಲೋ ಹಾಲಸ್ವಾಮಿ?”

“ಪೂರಾ ದುಂಡಗೆ ಕೊಯ್ಯಾಕೆ ಹಲಗಿ ಸಾಲಲಿಲ್ಲ ಕಣಕ್ಕ. ಎಂಟು ಮೂಲಿ ಬಂದಾವು.”

“ಇರಲಿ ಬಿಡು. ನಾವೂ ಏನು ಮೂಲಿ ಇಲ್ಲದೋರಲ್ಲ,” ಎಂದು ದುರುಗಕ್ಕ ಒಂದು ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂತರು. “ಬರ್ರೇ, ನೋಡ್ತಾ ನಿಂತೀರೇನು? ಲೇ ಬಂಗಾರಿ, ನಿನ್ನ ಜಾಗ ಈ ಕಡೀಗೆ.” ಶೆಡ್ಡಿನ ಸದ್ದು ಒಮ್ಮೆಲೇ ಎದ್ದಿತು. ಸುಗ್ಗಿ ಮುಗಿಯುವ ಮೊದಲೇ ಉಳಿದ ಸುತ್ತುಗಳವರೂ ಬಂದು, ನಮಗೆ ಯಾವಾಗ ಮೇಜು ಎಂದು ಹಾಲಸ್ವಾಮಿಯ ಬೆನ್ನು ಹತ್ತಿದರು. ವಾಪಸ್ಸು ಬಂದ ಚೀಲದ ಹುಡುಗಿಯರನ್ನು ಸುತ್ತುಗಳವರೇ ತಮ್ಮ ತಮ್ಮ ಮೇಜಿಗೆ ಹಂಚಿಕೊಂಡರು.

ದುರುಗಕ್ಕನನ್ನು ಮುಂದೆ ದಾವಣಗೆರೆಯಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಅಲ್ಲೇ ಉಳಿದು, ಗಂಜಿ ಕುಡಿಸಿ ಕರೆತಂದವರೂ ನಿರ್ಮಲಮ್ಮನವರೇ. ಒಂದು ಕಣ್ಣಿಗೆ ಒಂದಿಷ್ಟು ಬೆಳಕು ಬಂತು. ಅಡಿಕೆಯ ತೂತು ಕಾಣುವಷ್ಟಲ್ಲ, ಮುಖ ಕಾಣುವಷ್ಟು. ಶೆಡ್ಡಿಗೆ ಬಂದ ದಿನ ಬಂಗಾರಮ್ಮನನ್ನು ದಿಟ್ಟಿಸಿ, “ಇಷ್ಟು ಬೇಗ ತಲಿ ಹಣ್ಣಾತೇನೇ?” ಎಂದರಂತೆ. “ನಿನ್ನ ಪುಟ್ಟಿ ಕಾದು ಕಾದು ಆತು ಕಣಕ್ಕ,” ಎಂದು ಬಂಗಾರಮ್ಮ ಕಣ್ಣೊರೆಸಿಕೊಂಡರು.

ಎಂಬತ್ತಮೂರರಲ್ಲಿ ನಿರ್ಮಲಮ್ಮನವರು ವ್ಯವಸ್ಥಾಪಕಿಯಾಗಿ ನ್ಯಾಮತಿಗೆ ಹೋದರು. ಅಲ್ಲಿ ಅವರನ್ನು ‘ಕುರ್ಚಿ ಇಲ್ಲದ ಮ್ಯಾನೇಜರಮ್ಮ’ ಎಂದು ಕರೆಯುತ್ತಿದ್ದರು. ಹುಡುಕಿದರೆ ಅವರು ಸಿಗುತ್ತಿದ್ದುದು ಗೋದಾಮಿನಲ್ಲೋ, ಕಣದಲ್ಲೋ. ಹೆಂಗಸರನ್ನು ಸುಗ್ಗಿಯಲ್ಲಿ ಕತ್ತಲಾಗುವ ತನಕ ದುಡಿಸಬೇಕೆಂದು ಮೇಲಿನಿಂದ ಆದೇಶ ಬಂದಾಗ, ಅದರ ಬೆನ್ನಿನ ಮೇಲೆ “ಇದನ್ನು ಬರೆಯುವ ಮೊದಲು ಯಾವ ಹೆಣ್ಣುಮಗಳನ್ನು ಕೇಳಿದಿರಿ?” ಎಂದು ಬರೆದು ತಿರುಗಿ ಕಳಿಸಿದರು. ಆದೇಶ ಮತ್ತೆ ಬರಲಿಲ್ಲ. ಇತರರ ವಿರೋಧವನ್ನು ಗೌರವಿಸಬಲ್ಲವರಿಗೆ ತಾವು ವಿರೋಧಿಸುವ ವಿದ್ಯೆಯೂ ತಿಳಿದಿರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಎಂಬತ್ತೊಂಬತ್ತು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಸಿದ್ಧವಾಗಿವೆ. ಇನ್ನು ಮೇಲೆ ಅವರು ವಿಶ್ರಾಂತಿ ಪಡೆಯಲಿ ಎಂದು ಈ ಸಂಪುಟದ ಬೇರೆ ಲೇಖನಗಳು ಹಾರೈಸಬಹುದು. ದಯವಿಟ್ಟು ಯಾರೂ ಆ ಭ್ರಮೆಯಲ್ಲಿರಬೇಡಿ. ಹೋದ ವಾರ ತ್ಯಾವಣಿಗೆಯಿಂದ ಸುದ್ದಿ ಬಂದಿದೆ. ಅಲ್ಲಿ ಸಂಘ ಹೊಸ ಶೆಡ್ಡು ತೆರೆಯುತ್ತಿದೆ. ಅಡಿಕೆ ಆರಿಸಲು ವಿದ್ಯುತ್ತಿನ ಜರಡಿ ತರುವ ಮಾತಿದೆ. ಅಲ್ಲಿನ ಹೆಣ್ಣುಮಕ್ಕಳು ಆಫೀಸಿಗೆ ಹೇಳಿ ಕಳಿಸಿರುವುದು ಇಷ್ಟು: “ಜರಡಿ ಬ್ಯಾಡ ಅನ್ನಲ್ಲ. ನಿರ್ಮಲಮ್ಮಾರು ಬರಲಿ, ನಮ್ಮ ಜೊತಿ ಒಂದು ವಾರ ನೆಲದ ಮ್ಯಾಲೆ ಕೂರಲಿ. ಆಮ್ಯಾಲೆ ಮಾತಾಡಾನ.” ನಿರ್ಮಲಮ್ಮನವರು ಸನ್ಮಾನದ ಮರುದಿನದ ಮೊದಲ ಬಸ್ಸಿಗೆ ಹೊರಡುವುದಾಗಿ ಉತ್ತರ ಕಳಿಸಿಯೂ ಆಗಿದೆ.

ನೂರು ವರ್ಷ ಬಾಳಲಿ ಎಂದು ಹಾರೈಸುವುದು ವಾಡಿಕೆ. ಬಾಳಲಿ, ಅದಕ್ಕೂ ಮೇಲೆ ಬಾಳಲಿ. ಆದರೆ ಅವರನ್ನು ಬಲ್ಲವರು ಬೇಡಿಕೊಳ್ಳುವುದು ಅವರ ಮೊಣಕಾಲುಗಳಿಗಾಗಿ. ತ್ಯಾವಣಿಗೆಯ ಆ ಹಸಿ ನೆಲದ ಮೇಲೆ ಅವು ನೋವಿಲ್ಲದೆ ಮಡಚಿಕೊಳ್ಳಲಿ. ಹೆಣ್ಣುಮಕ್ಕಳ ಮಾತು ಪೂರ್ತಿ ಮುಗಿಯುವ ತನಕ ಮಡಚಿಕೊಂಡೇ ಇರಲಿ. ಆಮೇಲೆ ಆಫೀಸಿನ ಬಾಗಿಲು ತಟ್ಟಬೇಕಾಗಿ ಬಂದಾಗ ಚಂಗನೆ ಎದ್ದು ನಿಲ್ಲಲಿ.